ಮಾವನ ಮನೆಯ ಬಾಡಿಗೆ, ಅಳಿಯನ ಕೂಲಿ: ಕಾಸರಗೋಡಿನಲ್ಲಿ ಮನೆ ನೋಡಿಕೊಳ್ಳುವ ಸೇವೆಗಳ ವಿಮರ್ಶೆ

"ನೀನು ಹೇಗೂ ಊರಲ್ಲೇ ಇದ್ದೀಯಲ್ಲ ಮಾರಾಯ, ಮನೆ ಕಡೆ ಒಂದು ಕಣ್ಣಿರಲಿ." ಕಾಸರಗೋಡಿನ ಎಷ್ಟೋ ಬಾಡಿಗೆ ಮನೆಗಳ ಉಸ್ತುವಾರಿ ಶುರುವಾಗುವುದು ಫೋನಿನಲ್ಲಿ ಬಂದ ಇಂಥ ಒಂದು ಮಾತಿನಿಂದ. ಮಾವ ಅಬುಧಾಬಿಯಲ್ಲಿ, ಅತ್ತೆ ಮಗಳ ಜೊತೆ ಬೆಂಗಳೂರಿನಲ್ಲಿ, ವಿದ್ಯಾನಗರದ ಮನೆಯ ಬೀಗದ ಕೈ ಅಳಿಯನ ಕಿಸೆಯಲ್ಲಿ. ದುಡ್ಡಿನ ಮಾತು ಎತ್ತಿದರೆ ಮರ್ಯಾದೆಗೆ ಕಡಿಮೆ, ಎತ್ತದಿದ್ದರೆ ಮೂರನೇ ಮಳೆಗಾಲಕ್ಕೆ ಮನಸ್ತಾಪ.

ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಸಿಗುವ ನಾಲ್ಕು ಬಗೆಯ ಸೇವೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ: ಬ್ರೋಕರ್, ಉಸ್ತುವಾರಿ ಕಂಪೆನಿ, ದಿನಗೂಲಿಯ ನೋಡುಗ, ಕೊನೆಗೆ ಸಂಬಂಧಿಕ. ಮೊದಲ ಮೂರಕ್ಕೆ ದರ ಇದೆ, ಚೌಕಾಸಿಯೂ ಇದೆ. ನಾಲ್ಕನೆಯದಕ್ಕೆ ದರವೇ ಇಲ್ಲ. ಜಗಳ ಹೆಚ್ಚು ಅಲ್ಲೇ, ಹಾಗಾಗಿ ಈ ಬರಹದ ಹೆಚ್ಚು ಪಾಲೂ ಅದಕ್ಕೇ.

ಬ್ರೋಕರ್ ಮಾಡುವುದು ಒಂದೇ ಕೆಲಸ, ಬಾಡಿಗೆಯವರನ್ನು ಹುಡುಕಿ ಕೊಡುವುದು. ಸಾಮಾನ್ಯವಾಗಿ ಕೇಳುವುದು ಒಂದು ತಿಂಗಳ ಬಾಡಿಗೆ. ಕೆಲವರು ಎರಡೂ ಕಡೆಯಿಂದ ಅರ್ಧರ್ಧ ತೆಗೆದುಕೊಳ್ಳುತ್ತಾರೆ. ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಇವರಿಲ್ಲದೆ ನಡೆಯುವುದು ಕಷ್ಟ. ತಿರುವನಂತಪುರ, ಕೊಲ್ಲಂ ಕಡೆಯ ಶಿಕ್ಷಕರು, ಸರಕಾರಿ ನೌಕರರು ವರ್ಗಾವಣೆಯಾಗಿ ಬರುವುದು ಹೋಗುವುದು ಆ ಹೊತ್ತಿನಲ್ಲೇ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಪೊವ್ವಲ್‌ನ ಇಂಜಿನಿಯರಿಂಗ್ ಕಾಲೇಜುಗಳಿಗೆ ಸೇರುವ ಮಕ್ಕಳು ಮನೆ ಹುಡುಕಲು ಶುರು ಮಾಡುವುದು ಅದರ ಹಿಂದೆಯೇ. ಆದರೆ ಬ್ರೋಕರಿಗೆ ದುಡ್ಡು ಹುಟ್ಟುವುದು ಬಾಡಿಗೆಯವರು ಬದಲಾದಾಗ. ಹನ್ನೊಂದು ತಿಂಗಳು ಮುಗಿಯುವ ಹೊತ್ತಿಗೆ "ಇದಕ್ಕಿಂತ ಒಳ್ಳೆಯ ಮನೆ ಉಂಟು" ಎಂದು ನಿಮ್ಮ ಬಾಡಿಗೆಯವರ ಕಿವಿಯಲ್ಲಿ ಹೇಳುವವನೂ ಅವನೇ ಆಗಿರಬಹುದು. ಹುಡುಕಾಟಕ್ಕೆ ಮಾತ್ರ ಇಟ್ಟುಕೊಳ್ಳಿ, ಬೀಗದ ಕೈ ಕೊಡಬೇಡಿ.

ಕಂಪೆನಿಗಳು ಮಂಗಳೂರು, ಕೊಚ್ಚಿ, ಬೆಂಗಳೂರಿನಿಂದ ನಡೆಯುವಂಥವು. ತಿಂಗಳ ಬಾಡಿಗೆಯ ಶೇ. 8ರಿಂದ 10 ಕೇಳುತ್ತವೆ, ಹೊಸ ಬಾಡಿಗೆಯವರನ್ನು ತಂದಾಗ ಬೇರೆ. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇ. 18, ಅಂದರೆ ಶೇ. 10 ಎಂದದ್ದು ಕೈಬಿಟ್ಟು ಹೋಗುವಾಗ 11.8. ಇವರ ಕಾಗದಪತ್ರ ಅಚ್ಚುಕಟ್ಟು. ಕರಾರಿನ ನಮೂನೆ, ಮನೆ ಕೊಡುವಾಗಿನ ಫೋಟೋ, ತಿಂಗಳ ಲೆಕ್ಕದ ಪಟ್ಟಿ ಸಂಬಂಧಿಕರಿಂದ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಎಡವುವುದು ದೂರದಲ್ಲಿ. ಭಾನುವಾರ ರಾತ್ರಿ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು ನೀರು ಗೋಡೆಯ ಮೇಲೆ ಇಳಿಯುತ್ತಿದ್ದರೆ ಮಂಗಳೂರಿನಿಂದ ಐವತ್ತು ಕಿಲೋಮೀಟರ್ ಯಾರೂ ಬರುವುದಿಲ್ಲ, ಬುಧವಾರಕ್ಕೆ ಪ್ಲಂಬರ್ ಬರುತ್ತಾನೆ. ರಿಪೇರಿ ಬಿಲ್ಲಿನ ಮೇಲೆ ತಮ್ಮ ಪಾಲು ಸೇರಿಸುವ ಪದ್ಧತಿಯೂ ಇದೆ. ಸೇರಿಸುವುದು ತಪ್ಪಲ್ಲ, ಎಷ್ಟು ಎಂದು ಮೊದಲೇ ಬರೆದು ಕೊಡದಿರುವುದು ತಪ್ಪು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ: ಬಿಲ್ಲಿನ ಮೇಲೆ ನಿಮ್ಮದು ಎಷ್ಟು? ಮನೆ ಖಾಲಿ ಇದ್ದಾಗ ಬರುತ್ತೀರೋ, ಬಂದರೆ ಎಷ್ಟು? ಕಟ್ಟಡ ತೆರಿಗೆ, ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯ ಶುಲ್ಕ, ಪೊಲೀಸ್ ಠಾಣೆಗೆ ಬಾಡಿಗೆಯವರ ವಿವರ ಕೊಡುವುದು ನಿಮ್ಮ ಕೆಲಸವೋ ಅಲ್ಲವೋ? ಮೂರನೆಯದಕ್ಕೆ ಬರುವ ಉತ್ತರದಲ್ಲಿ ಕಂಪೆನಿಯ ಹಣೆಬರಹ ಗೊತ್ತಾಗುತ್ತದೆ.

ದಿನಗೂಲಿಯ ನೋಡುಗರು ಎಂದರೆ ಗಲ್ಫಿನವರ ಬೀಗ ಹಾಕಿದ ಮನೆಗಳನ್ನು ಗುಡಿಸಿ, ದೀಪ ಹಾಕಿ, ಮೋಟರು ಓಡಿಸಿ ಬರುವವರು. ಖಾಲಿ ಮನೆಗೆ ಇವರಷ್ಟು ಒಳ್ಳೆಯ ಸೇವೆ ಬೇರೆ ಇಲ್ಲ. ಬಾಡಿಗೆಯ ಲೆಕ್ಕ, ಅಡ್ವಾನ್ಸು ಇವರ ಕೈಗೆ ಹೋಗಬಾರದು, ಅಷ್ಟೇ.

ಇನ್ನು ಸಂಬಂಧಿಕ.

ಶೇಕಡಾ ಲೆಕ್ಕ ಇಲ್ಲಿ ಯಾಕೆ ಕೈಕೊಡುತ್ತದೆ

ಸಂಬಂಧಿಕನಿಗೆ ಏನಾದರೂ ಕೊಡಬೇಕು ಎಂದು ಮನಸ್ಸು ಮಾಡಿದವರೂ ಮೊದಲು ಹೇಳುವುದು "ಕಂಪೆನಿಯವರು ಹತ್ತು ಪರ್ಸೆಂಟ್ ತೆಗೆದುಕೊಳ್ಳುತ್ತಾರಂತೆ, ನೀನು ಐದು ಇಟ್ಟುಕೋ" ಎಂದು. ಇದು ಕೆಲಸವನ್ನು ಅಳೆಯದೆ ಬಾಡಿಗೆಯನ್ನು ಅಳೆದಂತೆ. ಬಾಡಿಗೆ ಎಷ್ಟು ಎನ್ನುವುದಕ್ಕೂ ಓಡಾಟ ಎಷ್ಟು ಎನ್ನುವುದಕ್ಕೂ ನಂಟು ಕಡಿಮೆ. ಗಂಟೆ ಎಣಿಸಿ ನೋಡಿದರೆ ತಿಳಿಯುತ್ತದೆ.

ತಿಂಗಳಿಗೆ 10,000 ರೂಪಾಯಿ ಬಾಡಿಗೆಯ, ಎರಡು ಕೋಣೆಯ ಒಂದು ಟೆರೇಸ್ ಮನೆ ಎಂದಿಟ್ಟುಕೊಳ್ಳೋಣ. ತಿಂಗಳಿಗೊಮ್ಮೆ ಹೋಗಿ ನೋಡಿ ಬರಲು ದಾರಿಯೂ ಸೇರಿ ಒಂದೂವರೆ ಗಂಟೆ, ವರ್ಷಕ್ಕೆ 18. ಬಾಡಿಗೆ ಬಂತೋ ಎಂದು ನೋಡಿ ಬರೆದಿಡುವುದು, ಮಾಲೀಕರಿಗೆ ತಿಳಿಸುವುದು ತಿಂಗಳಿಗೆ ಅರ್ಧ ಗಂಟೆ, ವರ್ಷಕ್ಕೆ 6. ಕಟ್ಟಡ ತೆರಿಗೆ, ಗ್ರಾಮ ಕಚೇರಿಯ ಭೂ ತೆರಿಗೆ, ಕರೆಂಟಿನ ಬಾಕಿ ಇವುಗಳಿಗೆ 4. ಮಳೆಗೆ ಮುಂಚಿನ ಕೆಲಸಕ್ಕೆ ಆಳುಗಳ ಜೊತೆ ನಿಲ್ಲಲು 6. ವರ್ಷಕ್ಕೆ ನಾಲ್ಕು ಸಣ್ಣ ರಿಪೇರಿ, ಒಂದೊಂದಕ್ಕೆ ಮೂರು ಗಂಟೆಯಂತೆ 12. ಇದರಲ್ಲಿ ಎರಡು ಗಂಟೆ ಬರುತ್ತೇನೆಂದ ಪ್ಲಂಬರಿಗೆ ಕಾಯುವುದೇ ಆಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬಾಡಿಗೆಯವರು ಬದಲಾದರೆ ಮನೆ ತೋರಿಸುವುದು, ವಿಚಾರಿಸುವುದು, ಕರಾರು, ಹಸ್ತಾಂತರ ಎಲ್ಲ ಸೇರಿ 20 ಗಂಟೆ, ಅಂದರೆ ವರ್ಷದ ಪಾಲಿಗೆ 10. ಒಟ್ಟು 56 ಗಂಟೆ.

ಗಂಟೆಗೆ ಎಷ್ಟು? ರಿಸರ್ವ್ ಬ್ಯಾಂಕ್ ಪ್ರಕಟಿಸುವ ರಾಜ್ಯವಾರು ಅಂಕಿಗಳಲ್ಲಿ 2022-23ರ ಕೇರಳದ ಗ್ರಾಮೀಣ ಕಟ್ಟಡ ಕೆಲಸದ ಸರಾಸರಿ ದಿನಗೂಲಿ 850 ರೂಪಾಯಿಯ ಮೇಲಿತ್ತು, ದೇಶದಲ್ಲೇ ಹೆಚ್ಚು. ಎಂಟು ಗಂಟೆಗೆ ಹಂಚಿದರೆ ನೂರು ಚಿಲ್ಲರೆ. ಅದಕ್ಕೆ ಈಚಿನ ಏರಿಕೆ, ಬೀಗದ ಕೈಯ ಹೊಣೆ, ಹೊತ್ತಲ್ಲದ ಹೊತ್ತಿನ ಫೋನು ಸೇರಿಸಿ 150 ಎಂದು ಹಿಡಿಯುವುದು ಅತಿಯೇನಲ್ಲ. 56 ಗಂಟೆಗೆ 8,400 ರೂಪಾಯಿ. ವರ್ಷದ ಬಾಡಿಗೆ 1,20,000ಕ್ಕೆ ಇದು ಶೇ. 7. ಪೆಟ್ರೋಲು, ಆಟೋ, ಝೆರಾಕ್ಸ್ ಬೇರೆ, ಚೀಟಿ ಇಟ್ಟು ಪಡೆಯುವಂಥದ್ದು. ಅದೇ ಮನೆಗೆ ಕಂಪೆನಿಯ ಶೇ. 10 ಜಿಎಸ್‌ಟಿ ಸೇರಿ 14,160. ಸಂಬಂಧಿಕನ ನ್ಯಾಯವಾದ ದರ ಇವೆರಡರ ನಡುವೆ ಎಲ್ಲೋ ಇರುತ್ತದೆ. 8,400ಕ್ಕಿಂತ ಕಡಿಮೆ ಕೊಟ್ಟರೆ ಆತ ತನ್ನ ಕಿಸೆಯಿಂದ ಮಾವನ ಮನೆ ನೋಡುತ್ತಿದ್ದಾನೆ ಎಂದರ್ಥ; 14,160ಕ್ಕಿಂತ ಹೆಚ್ಚು ಕೊಡಬೇಕಾದರೆ ಕಂಪೆನಿಯನ್ನೇ ಕರೆಯಬಹುದಲ್ಲ.

ಈಗ ಅದೇ ಗಂಟೆಯ ಲೆಕ್ಕವನ್ನು ಬೇರೆ ಬಗೆಯ ಕಟ್ಟಡಗಳಿಗೆ ಹಾಕಿ. ಚೆರ್ಕಳದಲ್ಲಿ ಹೆದ್ದಾರಿಯ ಪಕ್ಕ ಮೂರು ಅಂಗಡಿ ಕೋಣೆ, ಒಟ್ಟು ಬಾಡಿಗೆ 30,000. ಒಳಗಿನ ಕೆಲಸವೆಲ್ಲ ಅಂಗಡಿಯವರೇ ಮಾಡಿಸಿಕೊಳ್ಳುತ್ತಾರೆ, ಐದು ವರ್ಷ ಕದಲುವುದಿಲ್ಲ; ವರ್ಷಕ್ಕೆ 25 ಗಂಟೆ ಹೋದರೆ ಹೆಚ್ಚು. 3,750 ರೂಪಾಯಿ, ಬಾಡಿಗೆಯ ಶೇ. 1. ಇದಕ್ಕೆ ಹತ್ತು ಪರ್ಸೆಂಟ್ ಎಂದು 36,000 ಎಣಿಸಿಕೊಂಡರೆ ಅದು ಉಸ್ತುವಾರಿಯ ಕೂಲಿಯಲ್ಲ, ಪಾಲು. ಇನ್ನೊಂದು ತುದಿಯಲ್ಲಿ ಆರು ಬಾಗಿಲಿನ ಕ್ವಾರ್ಟರ್ಸ್, ಅಂದರೆ ಸಾಲು ಬಾಡಿಗೆ ಮನೆ, ಬಾಗಿಲಿಗೆ 4,000. ಬಾಡಿಗೆಯವರು ವರ್ಷಕ್ಕೊಮ್ಮೆ ಬದಲು, ಒಂದೇ ಬಾವಿ, ಒಂದೇ ಮೋಟರು, ನೀರಿಗೆ ಜಗಳ. ವರ್ಷಕ್ಕೆ 150 ಗಂಟೆ ಸುಲಭವಾಗಿ ಹೋಗುತ್ತದೆ: 22,500 ರೂಪಾಯಿ, ಶೇ. 8ರ ಹತ್ತಿರ. ಇಲ್ಲಿ ಐದು ಪರ್ಸೆಂಟಿಗೆ ಒಪ್ಪಿಕೊಂಡವನು ಎರಡನೇ ವರ್ಷ ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ.

ಎಲ್ಲಕ್ಕಿಂತ ಕೆಟ್ಟದ್ದು ಖಾಲಿ ಮನೆ. ಬಾಡಿಗೆ ಸೊನ್ನೆ, ಹಾಗಾಗಿ ಶೇಕಡಾವಾರು ಕೂಲಿಯೂ ಸೊನ್ನೆ. ಆದರೆ ಕೆಲಸ ಇರುತ್ತದೆ: ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಮಳೆಗಾಲಕ್ಕೆ ಹತ್ತು ಗಂಟೆ, ಉಳಿದದ್ದಕ್ಕೆ ಆರು, ಒಟ್ಟು 40 ಗಂಟೆ, 6,000 ರೂಪಾಯಿ. ಇದನ್ನು ಕೊಡದಿದ್ದರೆ ಭೇಟಿ ತಪ್ಪುತ್ತದೆ. ಭೇಟಿ ತಪ್ಪಿದ ಮನೆಯಲ್ಲಿ ಜೂನ್‌ನಲ್ಲಿ ಮುಚ್ಚಿದ ಕಪಾಟು ಸೆಪ್ಟೆಂಬರ್‌ನಲ್ಲಿ ತೆರೆದರೆ ಬಟ್ಟೆಗೆಲ್ಲ ಬೂಸು, ಬಾಗಿಲ ದಾರಂದದ ಬುಡದಲ್ಲಿ ಗೆದ್ದಲು, ಬಾವಿಯ ಮೋಟರು ತಿರುಗದೆ ಗುಂಯ್ ಎನ್ನುತ್ತದೆ. 6,000 ಉಳಿಸಲು ಹೋಗಿ ದಾರಂದ ಬದಲಿಸುವ ಬಡಗಿಯ ಕೂಲಿ ಎಷ್ಟಾಯಿತು ಎಂದು ಕೇಳಿ ನೋಡಿ.

ಹಾಗಾಗಿ ನಮ್ಮ ಸಲಹೆ ಇಷ್ಟು. ತಿಂಗಳಿಗೆ ಒಂದು ಮೂಲ ಮೊತ್ತ, ಮನೆ ತುಂಬಿದ್ದರೂ ಖಾಲಿ ಇದ್ದರೂ ಅದೇ. ಮೇಲಿನ ಮನೆಗೆ 500 ಸಾಕು. ತಿಂಗಳ ಭೇಟಿ, ಲೆಕ್ಕ, ತೆರಿಗೆ, ಮಳೆಗಾಲದ ತಯಾರಿ, ಅಂದರೆ 34 ಗಂಟೆಯ ಕೆಲಸ, ಅದರಲ್ಲಿ ಬಂತು. ಅದರಾಚೆ ಹೊಸ ಬಾಡಿಗೆಯವರನ್ನು ತಂದು ಕೂರಿಸಿದರೆ ಒಮ್ಮೆಗೆ 3,000. ನಿಂತು ಮಾಡಿಸಿದ ಪ್ರತಿ ರಿಪೇರಿಗೆ 450. ಕೂಡಿಸಿದರೆ ವರ್ಷಕ್ಕೆ 9,300 ಆಗುತ್ತದೆ, ಎರಡು ಗೆರೆಗಳ ನಡುವೆಯೇ ಬೀಳುತ್ತದೆ. ರಿಪೇರಿಗೆ ಬಿಲ್ಲಿನ ಶೇಕಡಾ ಎಂದು ಮಾತ್ರ ಕೊಡಬೇಡಿ. ಬಿಲ್ಲು ದೊಡ್ಡದಾದಷ್ಟು ಕೂಲಿ ದೊಡ್ಡದಾಗುವ ಏರ್ಪಾಡಿನಲ್ಲಿ ಎಂಥ ಸಂಬಂಧವೂ ಸಂಶಯಕ್ಕೆ ತಿರುಗುತ್ತದೆ.

ಕೂಲಿಗೆ ತಕ್ಕ ಕೆಲಸ ಎಂದರೆ ಏನು

ದುಡ್ಡು ಕೊಟ್ಟ ಮೇಲೆ ಮಾವ ಕೇಳಬಹುದಾದದ್ದೂ ಇದೆ. ಮೊದಲನೆಯದು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಟೆರೇಸು ಚೊಕ್ಕವಾಗಿರಬೇಕು. ಹಲಸು, ಮಾವಿನ ಎಲೆ ನೀರಿಳಿಯುವ ಪೈಪಿನ ಬಾಯಿಗೆ ಕೂತರೆ ಒಂದು ಜಡಿಮಳೆಗೆ ಸ್ಲ್ಯಾಬಿನ ಮೇಲೆ ನೀರು ನಿಲ್ಲುತ್ತದೆ. ಅದು ಪ್ಯಾರಪೆಟ್ಟಿನ ಬುಡದ ಬಿರುಕಿನಿಂದ ಕೆಂಪುಕಲ್ಲಿನ ಗೋಡೆಗೆ ಇಳಿಯುತ್ತದೆ. ಕೆಂಪುಕಲ್ಲು ಸ್ಪಂಜಿನಂತೆ ಹೀರುತ್ತದೆ, ಒಳಗಿನ ಪೈಂಟು ಗುಳ್ಳೆ ಏಳುತ್ತದೆ. ನೀರು ವಯರಿಂಗಿನ ಪೈಪಿಗೆ ಹೊಕ್ಕರೆ ಕರೆಂಟು ಸೋರಿದಾಗ ತಾನಾಗಿ ಕಡಿಯುವ ಇಎಲ್‌ಸಿಬಿ ಪದೇಪದೇ ಬೀಳುತ್ತದೆ. ಬೇಸತ್ತ ಬಾಡಿಗೆಯವರು ಪರಿಚಯದ ಹುಡುಗನನ್ನು ಕರೆದು ಅದನ್ನು ಬೈಪಾಸ್ ಮಾಡಿಸುತ್ತಾರೆ. ಅಲ್ಲಿಗೆ ಎಲೆ ಗುಡಿಸದ ತಪ್ಪು ಜೀವಕ್ಕೆ ಬಂತು. ತಿಂಗಳ ಭೇಟಿಯಲ್ಲಿ ಇಎಲ್‌ಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡುವುದು ಹತ್ತು ಸೆಕೆಂಡಿನ ಕೆಲಸ. ಬೀಳದಿದ್ದರೆ ಆ ದಿನವೇ ಎಲೆಕ್ಟ್ರಿಷಿಯನ್.

ಕಿಟಕಿಯ ಮೇಲಿನ ಸಜ್ಜದ ಮೇಲೂ ಎಲೆ ಕೊಳೆತು ಕೂತಿರುತ್ತದೆ, ಕೆಳಗಿನಿಂದ ಕಾಣುವುದಿಲ್ಲ, ಏಣಿ ಹತ್ತಲೇಬೇಕು. ಟೆರೇಸಿನ ಮೇಲೆ ಶೀಟು ಹಾಸಿದ್ದರೆ ಬೋಲ್ಟಿನ ರಬ್ಬರ್ ವಾಷರು ಬಿಸಿಲಿಗೆ ಒಡೆದಿದೆಯೋ ನೋಡಬೇಕು. ಹಂಚಿನ ಮಾಡಾದರೆ ಮಂಗಗಳು ಓಡಾಡಿ ಸರಿಸಿದ ಹಂಚು, ಮಾಡಿನ ಮೇಲೆ ಬಾಗಿದ ತೆಂಗಿನ ಒಣಮಡಲು.

ಬೀಗ ಹಾಕಿದ ಮನೆಯ ಬಾವಿಯ ಮೋಟರನ್ನು ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಬಹಳ ದಿನ ನಿಂತ ಮೋಟರಿಗೆ ಫೂಟ್ ವಾಲ್ವಿನಿಂದ ನೀರು ಸೋರಿ ಹೋಗಿರುತ್ತದೆ. ನೀರು ತುಂಬಿಸದೆ ಸ್ವಿಚ್ ಹಾಕಿದರೆ ಬರಿದೇ ತಿರುಗಿ ಸೀಲು ಸುಡುತ್ತದೆ. ಇನ್ವರ್ಟರ್ ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ನೀರಿನ ಮಟ್ಟ ನೋಡಬೇಕು. ಕಡಲಿನ ಹತ್ತಿರದ ಮನೆಯಾದರೆ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುತ್ತದೆಯೋ ಇಲ್ಲವೋ ಎಂದು ಬಾಡಿಗೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಟ್ಯಾಂಕರಿನ ದುಡ್ಡು ಯಾರದು ಎಂಬ ತಕರಾರು ಬರುವುದಿಲ್ಲ.

ಕರೆಂಟಿನಲ್ಲಿ ಒಂದು ಗುಟ್ಟಿದೆ, ಕಂಪೆನಿಗಳೂ ಹೇಳುವುದಿಲ್ಲ. ಕೆಎಸ್‌ಇಬಿಯ ಮನೆ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ, ಮೊದಲ ಯೂನಿಟ್‌ಗಳಿಗೆ ಕಡಿಮೆ ದರ ಉಳಿಯುತ್ತದೆ. 250 ದಾಟಿತೋ, ಮೆಟ್ಟಿಲು ಮಾಯ. ಅಷ್ಟೂ ಯೂನಿಟ್‌ಗೆ ಒಂದೇ ಮೇಲಿನ ದರ. ಮೇಲೆ ಒಂದು ಸಂಸಾರ, ಕೆಳಗೆ ಒಂದು ಸಂಸಾರ ಇದ್ದು ಮೀಟರು ಒಂದೇ ಆದರೆ ಇಬ್ಬರೂ ಹಿಡಿತದಲ್ಲಿ ಬಳಸಿದರೂ ಒಟ್ಟು ದಾಟಿಬಿಡುತ್ತದೆ. ಸಬ್ ಮೀಟರ್ ಹಾಕಿ ಯೂನಿಟ್ ಹಂಚಬಹುದು, ಏರಿದ ದರವನ್ನು ಹಂಚಿದರೆ ಇಬ್ಬರಿಗೂ ನಷ್ಟವೇ. ಎರಡನೇ ಕನೆಕ್ಷನ್ನಿಗೆ ಅರ್ಜಿ ಹಾಕಿಸುವುದು ಉಸ್ತುವಾರಿ ನೋಡುವವನ ಒಂದು ದಿನದ ಕೆಲಸ. ಅದರ ಫಲ ಪ್ರತಿ ಬಿಲ್ಲಿನಲ್ಲೂ ಕಾಣುತ್ತದೆ.

ಬಾಡಿಗೆಯವರು ಬಿಡುವ ದಿನ ಮೀಟರಿನ ಅಂಕಿಯ ಫೋಟೋ ತೆಗೆದುಕೊಳ್ಳದೆ ಅಡ್ವಾನ್ಸ್ ವಾಪಸು ಕೊಡಬೇಡಿ. ಬಾಕಿ ಬಿಲ್ಲು ನಿಲ್ಲುವುದು ಗ್ರಾಹಕ ಸಂಖ್ಯೆಯ ಮೇಲೆ, ಸಂಖ್ಯೆ ಇರುವುದು ಮಾವನ ಹೆಸರಿನಲ್ಲಿ. ಒಳಗೆ ಕಾಲಿಡುವ ದಿನವೂ ಕೋಣೆಕೋಣೆಯ ವಿಡಿಯೋ, ಫ್ಯಾನ್ ಎಷ್ಟು, ಗೀಸರ್ ಇದೆಯೋ, ಬೀಗದ ಕೈ ಎಷ್ಟು ಎಂದು ಪಟ್ಟಿ ಮಾಡಿ ಇಬ್ಬರ ಸಹಿ. ಕರಾರು ಹನ್ನೊಂದು ತಿಂಗಳಿನದ್ದು ಯಾಕೆ ಎಂದು ಹಲವರು ಕೇಳುತ್ತಾರೆ: 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಗೇಣಿ ಪತ್ರ ನೋಂದಣಿ ಆಗಲೇಬೇಕು. ಮಾಲೀಕರು ಬೆಂಗಳೂರು, ಮುಂಬಯಿಯಲ್ಲಿ ಬೆಳೆದ ಕನ್ನಡಿಗರಾದರೆ ಮಲಯಾಳದ ಕರಾರು ಓದಲಾರರು. ಷರತ್ತುಗಳ ಕನ್ನಡ ಸಾರವನ್ನು ಜೊತೆಗೆ ಕಳಿಸುವುದು ಸಂಬಂಧಿಕನಿಂದ ಮಾತ್ರ ಸಿಗುವ ಸೇವೆ, ಕಂಪೆನಿಗಿಂತ ಅವನು ಮೇಲಾಗುವ ಜಾಗಗಳಲ್ಲಿ ಇದೂ ಒಂದು.

ಲೆಕ್ಕಕ್ಕೆ ಬಾರದ ಕೂಲಿ: ತೆಂಗಿನಕಾಯಿ ಮತ್ತು ಅಡ್ವಾನ್ಸು

"ಅವನಿಗೆ ಯಾಕೆ ಕೂಲಿ, ಹಿತ್ತಿಲಿನ ಕಾಯಿ ಎಲ್ಲ ಅವನೇ ತೆಗೆದುಕೊಳ್ಳುತ್ತಾನಲ್ಲ!" ಈ ಮಾತು ಮದುವೆಮನೆಯಲ್ಲಿ ಕಿವಿಗೆ ಬೀಳುವ ಮುಂಚೆ ಲೆಕ್ಕ ಹಾಕಿಬಿಡುವುದು ಲೇಸು. ಹಿತ್ತಿಲಲ್ಲಿ ಹತ್ತು ಫಲ ಬರುವ ತೆಂಗು ಇದೆ, ಮರಕ್ಕೆ ವರ್ಷಕ್ಕೆ 70 ಕಾಯಿ ಎಂದುಕೊಳ್ಳಿ. 700 ಕಾಯಿ. ಕೊಯ್ಲಿನ ಕೂಲಿ ಕಳೆದು ಕಾಯಿಗೆ 15 ರೂಪಾಯಿ ಉಳಿದರೂ 10,500. ಗಂಟೆ ಎಣಿಸಿ ಬಂದ 8,400ಕ್ಕಿಂತ ಅದೇ ಹೆಚ್ಚು! ಹಾಗಾಗಿ "ಕಾಯಿ ನೀನು ಇಟ್ಟುಕೋ" ಎನ್ನುವುದು ಕಡಿಮೆ ಕೂಲಿಯೇನೂ ಅಲ್ಲ. ಆದರೆ ಬೆಲೆ ಬಿದ್ದ ವರ್ಷ ಅದು ಅರ್ಧಕ್ಕಿಳಿಯುತ್ತದೆ, ನುಸಿ ಬಿದ್ದರೆ ಇನ್ನೂ ಕೆಳಗೆ. ಕಾಯಿಯನ್ನೇ ಕೂಲಿ ಎಂದು ಒಪ್ಪಿಕೊಳ್ಳಿ, ಇಲ್ಲವೇ ಕಾಯಿ ಮಾರಿದ ದುಡ್ಡನ್ನು ಬಾಡಿಗೆಯ ಹಾಗೆ ಜಮಾ ಮಾಡಿ ಕೂಲಿಯನ್ನು ಬೇರೆ ಪಡೆಯಿರಿ. ಎರಡರ ನಡುವೆ ತೂಗಾಡುವುದು ಬೇಡ.

ಅಡ್ವಾನ್ಸು ಇನ್ನೂ ಸೂಕ್ಷ್ಮ. 30,000 ರೂಪಾಯಿ ಅಳಿಯನ ಖಾತೆಯಲ್ಲಿ ಬಿದ್ದಿದ್ದರೆ ಅದರ ಬಡ್ಡಿ ಯಾರೂ ಮಾತಾಡದ ಒಂದು ಸಣ್ಣ ಕೂಲಿ. ಬಡ್ಡಿಗಿಂತ ದೊಡ್ಡ ತೊಂದರೆ, ಆ ದುಡ್ಡು ಮಗಳ ಕಾಲೇಜು ಫೀಸಿಗೋ ಅಡಿಕೆಗೆ ಮದ್ದು ಬಿಡುವ ಖರ್ಚಿಗೋ ಹೋಗಿಬಿಡುತ್ತದೆ. ಬಾಡಿಗೆಯವರು ದಿಢೀರನೆ ಬಿಟ್ಟಾಗ ಕೊಡಲು ಇರುವುದಿಲ್ಲ. ಅಡ್ವಾನ್ಸು ಮಾಲೀಕರ ಖಾತೆಗೇ ಹೋಗಲಿ, ಬ್ಯಾಂಕಿನಲ್ಲಿ ಬೇರೆ ಠೇವಣಿಯಾಗಿ ಇರಲಿ. ಬಾಡಿಗೆಯೂ ಅಷ್ಟೇ: ಯುಪಿಐ ಇರುವ ಕಾಲದಲ್ಲಿ ನಗದು ಎಣಿಸಿ ರಶೀದಿ ಬರೆಯುವ ಕೆಲಸವೇ ಉಳಿದಿಲ್ಲ. ನೇರ ಮಾಲೀಕರಿಗೆ ಹೋದರೆ ಅಳಿಯನ ಮೇಲಿನ ಹೊರೆ ಇಳಿಯುತ್ತದೆ, ಅನುಮಾನವೂ. ಕೈಖರ್ಚಿಗೆ 5,000 ಮುಂಗಡ ಇಟ್ಟುಕೊಂಡು, 2,000ದವರೆಗಿನ ರಿಪೇರಿಗೆ ಕೇಳಬೇಕಿಲ್ಲ, ಅದರ ಮೇಲೆ ಫೋಟೋ ಕಳಿಸಿ ಒಪ್ಪಿಗೆ ಎಂಬ ಗೆರೆ ಹಾಕಿಕೊಂಡರೆ ಮುಗಿಯಿತು.

ಕಾನೂನು, ತೆರಿಗೆ

ಕೂಲಿ ಇಲ್ಲದೆ ನೋಡಿಕೊಂಡರೆ ಲೆಕ್ಕ ಕೊಡಬೇಕಿಲ್ಲ ಎಂದು ಕೆಲವರು ತಿಳಿದಿದ್ದಾರೆ. ತಪ್ಪು. 1872ರ ಕರಾರು ಕಾಯ್ದೆಯ 185ನೇ ಕಲಂ ಹೇಳುವುದು ಪ್ರತಿಫಲ ಇಲ್ಲದೆಯೂ ಏಜೆನ್ಸಿ ಹುಟ್ಟುತ್ತದೆ ಎಂದು. 213ನೇ ಕಲಂ ಪ್ರಕಾರ ಕೇಳಿದಾಗ ಏಜೆಂಟ್ ಸರಿಯಾದ ಲೆಕ್ಕ ಒಪ್ಪಿಸಬೇಕು. ಬಿಟ್ಟಿ ದುಡಿದವನಿಗೂ ಹೊಣೆ ಇದ್ದೇ ಇದೆ, ಅಂದ ಮೇಲೆ ಕೂಲಿ ಕೇಳಲು ನಾಚಿಕೆ ಯಾಕೆ? ಖರ್ಚು, ಕೂಲಿ ಹಿಡಿದುಕೊಂಡು ಉಳಿದದ್ದನ್ನು ಕಳಿಸುವ ಹಕ್ಕು 217ನೇ ಕಲಮಿನಲ್ಲಿದೆ.

ಮುಕ್ತ್ಯಾರು ಪತ್ರ (ಪವರ್ ಆಫ್ ಅಟಾರ್ನಿ) ಗಲ್ಫಿನಲ್ಲಿ ಬರೆದದ್ದಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿ ಸ್ಥಿಮಿತ ತಪ್ಪಿದರೆ ಸಾಮಾನ್ಯವಾಗಿ ಆ ಅಧಿಕಾರ ಅಲ್ಲಿಗೇ ನಿಲ್ಲುತ್ತದೆ (201ನೇ ಕಲಂ). ಮರೆವಿನ ಕಾಯಿಲೆಯ ದೊಡ್ಡಮ್ಮನ ಮನೆಯನ್ನು ಹಳೆಯ ಮುಕ್ತ್ಯಾರಿನ ಬಲದಿಂದ ಬಾಡಿಗೆಗೆ ಕೊಡುತ್ತ ಹೋಗುವವರು ಈ ಸಾಲನ್ನು ಎರಡು ಸಲ ಓದಬೇಕು.

ತೆರಿಗೆಯಲ್ಲಿ ಮಾಲೀಕರಿಗೆ ಒಂದು ನಿರಾಸೆ. ಬಾಡಿಗೆಯಿಂದ ಕಟ್ಟಿದ ಕಟ್ಟಡ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ. 30 ತಾನಾಗಿ ಬಿಡುತ್ತಾರೆ. ಅದರಲ್ಲೇ ರಿಪೇರಿ, ಉಸ್ತುವಾರಿ ಎಲ್ಲ ಸೇರಿತು. ಅಳಿಯನಿಗೆ ಕೊಟ್ಟ ಕೂಲಿಯನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಅಳಿಯನ ಕೈಯಲ್ಲಿ ಮಾತ್ರ ಅದು ಆದಾಯವೇ. ಸಂಬಂಧಿಕರ ಉಡುಗೊರೆಗೆ ತೆರಿಗೆ ಇಲ್ಲ ಎಂಬ ವಿನಾಯಿತಿ ಕೆಲಸಕ್ಕೆ ಕೊಟ್ಟ ಕೂಲಿಗೆ ಹೊಂದುವುದಿಲ್ಲ.

ಮಾಲೀಕರು ಅನಿವಾಸಿಯಾದರೆ ಜಾಗ್ರತೆ ದುಪ್ಪಟ್ಟು. ಬಾಡಿಗೆ ಹೋಗಬೇಕಾದ್ದು ಅನಿವಾಸಿಗಳು ಭಾರತದಲ್ಲಿನ ಆದಾಯಕ್ಕೆ ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಗೆ. ಕೊಡುವಾಗಲೇ ಬಾಡಿಗೆಯವರು ಶೇ. 30 ತೆರಿಗೆ, ಸೆಸ್ ಸೇರಿ 31.2, ಹಿಡಿದು ಕಟ್ಟಬೇಕು. ಇಷ್ಟು ಮೊತ್ತದವರೆಗೆ ಬೇಡ ಎಂಬ ಮಿತಿ ಇಲ್ಲ. 10,000 ಬಾಡಿಗೆಯ ಶಿಕ್ಷಕರಿಗೆ ಇದು ಗೊತ್ತಿರುವುದೇ ಅಪರೂಪ. ಇದನ್ನು ತಪ್ಪಿಸಲು ಅಳಿಯನ ಖಾತೆಗೆ ಬಾಡಿಗೆ ಹಾಕಿಸಿಕೊಳ್ಳುವ ಉಪಾಯ ಚಾಲ್ತಿಯಲ್ಲಿದೆ. ಆದರೆ ಅನಿವಾಸಿಗೆ ಆದಾಯ ಯಾರ ಮೂಲಕ ತಲುಪುತ್ತದೋ ಅವನನ್ನೇ ಏಜೆಂಟ್ ಎಂದು ಪರಿಗಣಿಸಿ ತೆರಿಗೆಗೆ ಹೊಣೆ ಮಾಡಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 163ನೇ ಕಲಮಿನಲ್ಲಿದ್ದ ನಿಯಮ ಇದು; 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ. ತಿಂಗಳಿಗೆ 500 ರೂಪಾಯಿ ಕೂಲಿಗೆ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕಡಿಮೆ ದರದಲ್ಲಿ ತೆರಿಗೆ ಹಿಡಿಯುವ ಪ್ರಮಾಣಪತ್ರಕ್ಕೆ ಮಾಲೀಕರೇ ಅರ್ಜಿ ಹಾಕಲಿ, ಒಬ್ಬ ಲೆಕ್ಕ ಪರಿಶೋಧಕರ ಫೀಸು ಅವರೇ ಕೊಡಲಿ.

ಪಾಲಾಗದ ಮನೆ

ಕೊನೆಯದಾಗಿ, ಅಪ್ಪ ತೀರಿಕೊಂಡು ಭಾಗಪತ್ರ ಆಗದ ಮನೆ. ನಾಲ್ವರು ಮಕ್ಕಳು, ಬದಿಯಡ್ಕದಲ್ಲಿ ಉಳಿದ ತಮ್ಮ ನೋಡಿಕೊಳ್ಳುತ್ತಾನೆ. ಇಲ್ಲಿ ಕೂಲಿಯನ್ನು ಪಾಲು ಹಂಚುವ ಮುಂಚೆ ಒಟ್ಟು ಬಾಡಿಗೆಯಿಂದ ತೆಗೆಯಬೇಕು. ವರ್ಷಕ್ಕೆ 1,20,000 ಬಾಡಿಗೆ. ತೆರಿಗೆ, ರಿಪೇರಿ 15,600 ಹೋಗಿ 1,04,400. ಕೂಲಿ 8,400 ತೆಗೆದರೆ 96,000, ತಲೆಗೆ 24,000. ತಮ್ಮನಿಗೆ 32,400. ಹೀಗೆ ಮಾಡಿದಾಗ ಕೂಲಿಯ ಕಾಲು ಭಾಗವನ್ನು ತಮ್ಮನೇ ಹೊತ್ತಂತಾಯಿತು, ಉಳಿದ ಮೂವರ ಮೇಲೆ 2,100ರಂತೆ ಬಿತ್ತು. ಅಕ್ಕಂದಿರು, ಅಣ್ಣ ಇದನ್ನು ಕಾಗದದ ಮೇಲೆ ನೋಡಿದರೆ ತಿಂಗಳಿಗೆ 175 ರೂಪಾಯಿ ಎಂದು ಕಾಣುತ್ತದೆ, ಯಾರೂ ಆಕ್ಷೇಪ ಎತ್ತುವುದಿಲ್ಲ. "ತಮ್ಮ ಎಂಟು ಸಾವಿರ ತೆಗೆದುಕೊಂಡನಂತೆ" ಎಂದು ಬಾಯಿಮಾತಿನಲ್ಲಿ ಕೇಳಿದರೆ ಎತ್ತುತ್ತಾರೆ. ಬಿಸುವಿನ ಹೊತ್ತಿಗೆ ಎಲ್ಲರೂ ಊರಿಗೆ ಬರುತ್ತಾರೆ, ಮಾರ್ಚ್ 31ಕ್ಕೆ ವರ್ಷದ ಲೆಕ್ಕವೂ ಮುಗಿದಿರುತ್ತದೆ. ಒಂದು ಹಾಳೆಯಲ್ಲಿ ಜಮಾ, ಖರ್ಚು, ಕೂಲಿ, ಹಂಚಿದ್ದು ಬರೆದು ಬಿಲ್ಲುಗಳ ಕಟ್ಟಿನ ಮೇಲಿಟ್ಟು, ನಾಲ್ವರ ಸಹಿ ಹಾಕಿಸಿ, ಮುಂದಿನ ವರ್ಷದ ದರವನ್ನೂ ಅದರ ಕೆಳಗೇ ಬರೆದುಬಿಡಿ. ಸಹಿ ಹಾಕಲು ಒಪ್ಪದವರು ಇದ್ದರೆ ಬೀಗದ ಕೈ ಅವರ ಕೈಗೆ ಕೊಟ್ಟು, ಒಂದು ಮಳೆಗಾಲ ಅವರೇ ನೋಡಿಕೊಳ್ಳಲಿ.